ಆಚಾರ್ಯ ಫ್ಲೆಮಿಂಗರ ಬೀರು



ವಿದ್ಯುಚ್ಛಾಸ್ತ್ರವನ್ನು ಓದಿದವರು ಪರೀಕ್ಷೆಯ ಕೊಠಡಿಯಲ್ಲಿ ಕುಳಿತು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಒಂದಕ್ಕೊಂದು ಲಂಬವಾಗಿ ಚಾಚಿ ಮಣಿಕಟ್ಟನ್ನು ಅತ್ತಿತ್ತ ತಿರುಗಿಸಿದ್ದುಂಟು. ಎಡಗೈ ಮೋಟಾರಿಗೆ, ಬಲಗೈ ಡೈನಮೋವಿಗೆ. ಶಿಷ್ಯರಿಗಾಗಿ ಈ ಸೂತ್ರವನ್ನು ಕಟ್ಟಿಕೊಟ್ಟವರು ಜಾನ್ ಆಂಬ್ರೋಸ್ ಫ್ಲೆಮಿಂಗರು. ರೇಡಿಯೋವಿನ ಚರಿತ್ರೆಯಲ್ಲಿ ಅವರ ಹೆಸರು ಒಂದು ಗಾಜಿನ ಬುರುಡೆಯೊಡನೆ ಸೇರಿಹೋಗಿದೆ. ಆ ಬುರುಡೆಯೂ ಮೇಷ್ಟರೊಬ್ಬರ ಬೀರುವಿನಿಂದಲೇ ಹೊರಬಂದದ್ದು.

ಫ್ಲೆಮಿಂಗರು ಹುಟ್ಟಿದ್ದು 1849ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ. ಹಗಲು ಗುಮಾಸ್ತೆಯಾಗಿ ದುಡಿದು, ಸಂಜೆ ಓದಿ, 1870ರಲ್ಲಿ ಪದವೀಧರರಾದರು. ಶಾಲೆಗಳಲ್ಲಿ ಪಾಠ ಹೇಳಿ ಹಣ ಕೂಡಿಸಿಕೊಂಡು ಕೇಂಬ್ರಿಜ್ಜಿಗೆ ಹೋಗುವ ವೇಳೆಗೆ 27 ವರ್ಷ ತುಂಬಿತ್ತು. ಅಲ್ಲಿ ಮ್ಯಾಕ್ಸ್‌ವೆಲ್ಲರ ಉಪನ್ಯಾಸಗಳು ನಡೆಯುತ್ತಿದ್ದುವು. ವಿದ್ಯುತ್ತಿನ ಅಲೆಗಳನ್ನು ಗಣಿತದಿಂದ ಕಂಡ ಆ ಮಹಾನುಭಾವರ ಮುಂದೆ ಕುಳಿತು ಕೇಳುತ್ತಿದ್ದವರು ಬೆರಳೆಣಿಕೆಯ ಮಂದಿ!

1885ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಅವರನ್ನು ವಿದ್ಯುತ್ ತಂತ್ರವಿದ್ಯೆಯ ಆಚಾರ್ಯಪೀಠಕ್ಕೆ ಕರೆಯಿತು. ಆರಂಭದಲ್ಲಿ ದೊರೆತ ಸಲಕರಣೆ ಒಂದು ಕರಿಹಲಗೆ, ಒಂದು ತುಂಡು ಸೀಮೆಸುಣ್ಣ. ಆ ಪೀಠದಲ್ಲಿ ಅವರು 1926ರವರೆಗೆ ಇದ್ದರು.

ಎಡಿಸನ್ ದೀಪದ ಕಂಪೆನಿಗೂ ಅವರು ಸಲಹೆಗಾರರಾಗಿದ್ದರು. ಉರಿಯುವ ದೀಪದ ಗಾಜು ಒಳಗೇ ಕಪ್ಪಾಗುವುದೇಕೆ ಎಂದು ಹುಡುಕುತ್ತ, ಬುರುಡೆಯೊಳಗೆ ಲೋಹದ ತಗಡನ್ನಿರಿಸಿ ನೋಡಿದರು. ಕಾದ ಎಳೆಗೂ ತಗಡಿಗೂ ನಡುವೆ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುವುದು ಕಂಡಿತು. ಸೊಗಸಾದ ಸಂಗತಿ, ಆದರೆ ಯಾವ ಪ್ರಯೋಜನಕ್ಕೆ? ಲೇಖನ ಬರೆದರು, ಬುರುಡೆಗಳನ್ನು ಬೀರುವಿನಲ್ಲಿಟ್ಟರು.

1899ರಿಂದ ಮಾರ್ಕೋನಿಯವರ ಸಹವಾಸ. 1901ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಸಂಜ್ಞೆಗೆ ಪೋಲ್ದುವಿನಲ್ಲಿ ಶಕ್ತಿಯಂತ್ರಗಳನ್ನು ಯೋಜಿಸಿದವರು ಫ್ಲೆಮಿಂಗರು. ಜಗತ್ತು ಕೊಂಡಾಡಿದ್ದು ಮಾರ್ಕೋನಿಯವರನ್ನು. ಇಷ್ಟರಲ್ಲಿ ಅವರ ಕಿವಿ ಮಂದವಾಗುತ್ತ ಬಂದಿತ್ತು. ಬರುವ ಸಂಜ್ಞೆಯನ್ನು ಕಿವಿಗಿಟ್ಟ ಟೆಲಿಫೋನಿನಲ್ಲಿ ಆಲಿಸಬೇಕಾದ ಕಾಲ ಅದು. ಕಣ್ಣಿಗೆ ಕಾಣುವಂತೆ ಮುಳ್ಳನ್ನು ಅಲುಗಿಸಬಾರದೇ? ಆದರೆ ಅಲೆಯ ವಿದ್ಯುತ್ತು ಕ್ಷಣಕ್ಷಣಕ್ಕೂ ಹಿಂದುಮುಂದಾಗುವುದರಿಂದ ಮುಳ್ಳು ಕದಲದು. 1904ರಲ್ಲಿ ಬೀರುವಿನ ಬುರುಡೆಗಳು ನೆನಪಾದುವು. ಮಂಡಲದಲ್ಲಿ ಜೋಡಿಸಿದೊಡನೆ ಅವು ಒಂದು ದಿಕ್ಕಿನ ವಿದ್ಯುತ್ತನ್ನು ಬಿಟ್ಟು ಇನ್ನೊಂದನ್ನು ತಡೆದುವು, ಮುಳ್ಳು ಸರಿಯಿತು. ಇದಕ್ಕೇ ಅವರು ವಾಲ್ವ್, ಎಂದರೆ ಕವಾಟ, ಎಂದು ಹೆಸರಿಟ್ಟರು.

ಪೇಟೆಂಟಿನ ಹಕ್ಕು ಮಾರ್ಕೋನಿ ಕಂಪೆನಿಗೆ ಸೇರಿತು. ಅಮೆರಿಕದ ಡಿ ಫಾರೆಸ್ಟರು ಮೂರನೆಯ ಅಂಗವನ್ನು ಸೇರಿಸಿದ ಮೇಲೆ ವ್ಯಾಜ್ಯ ಬಹುಕಾಲ ನಡೆಯಿತು. ಕೊನೆಗೆ 1943ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು ಫ್ಲೆಮಿಂಗರ ಪೇಟೆಂಟು ಅಸಿಂಧುವೆಂದಿತು. ಆಗ ಅವರ ವಯಸ್ಸು 93. ಬೆರಳುಗಳ ಸೂತ್ರಕ್ಕೆ ಮಾತ್ರ ಯಾರೂ ದಾವೆ ಹೂಡಲಿಲ್ಲ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ವಿಧುರರಾಗಿದ್ದ ಈ ಮಂದಕಿವಿಯ ವೃದ್ಧರು 1933ರಲ್ಲಿ ಮರುಮದುವೆಯಾದರು. ಕೈಹಿಡಿದದ್ದು ಒಬ್ಬ ಗಾಯಕಿಯನ್ನು. 1945ರ ಏಪ್ರಿಲಿನಲ್ಲಿ, 95ನೆಯ ವಯಸ್ಸಿನಲ್ಲಿ, ತೀರಿಕೊಂಡರು.