ಕಾಣೆಯಾದವರ ಜಾಡಿನಲ್ಲಿ

ಹಿಂದೆ ನಮ್ಮ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ಚೌಕ ಇರುತ್ತಿತ್ತು. ‘ಕಾಣೆಯಾಗಿದ್ದಾರೆ’ ಎಂದು ಅದರ ತಲೆಬರಹ. ಕೆಳಗೆ ಮಸುಕಾದ ಒಂದು ಚಿತ್ರ. ಕೋಲುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು; ಮನೆ ಬಿಟ್ಟಾಗ ಉಟ್ಟಿದ್ದುದು ಬಿಳಿಯ ಪಂಚೆ, ತೊಟ್ಟಿದ್ದುದು ನೀಲಿ ಅಂಗಿ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಇಪ್ಪತ್ತೆರಡು ವರ್ಷ ವಾರಪತ್ರಿಕೆ ನಡೆಸಿದವನು. ಒಂದು ಟ್ರೆಡಲ್ ಯಂತ್ರ, ಇಬ್ಬರು ಮೊಳೆ ಜೋಡಿಸುವವರು, ನಾನು, ಇಷ್ಟೇ ಸಂಸಾರ. ಈ ಚೌಕಕ್ಕೆ ನಾನು ಯಾರಿಂದಲೂ ಹಣ ಪಡೆಯುತ್ತಿರಲಿಲ್ಲ. ಅದನ್ನು ಅಚ್ಚುಮಾಡಿದೊಡನೆ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ. ಹಾಗಲ್ಲವೆಂಬುದು ನನಗೆ ತಿಳಿದದ್ದು ಮುಪ್ಪಿನಲ್ಲಿ, ಪರದೇಶದಲ್ಲಿ, ನಾನು ಎಂದೂ ಕಂಡಿರದ ಒಬ್ಬ ಹೆಣ್ಣುಮಗಳ ಕಥೆಯಿಂದ.

ನನ್ನ ಮಗಳು, ಅಳಿಯ ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿದ್ದಾರೆ. ಅವರಲ್ಲಿಗೆ ಹೋಗಿದ್ದಾಗ ಅಳಿಯ ಒಂದು ಭಾನುವಾರ, “ಮಾವ, ಪತ್ರಿಕೆ ನಡೆಸಿದವರು ನೀವು. ಈ ಊರಿನಲ್ಲಿ ನಿಮ್ಮಂತೆಯೇ ಸಣ್ಣ ಪತ್ರಿಕೆ ನಡೆಸಿದವಳೊಬ್ಬಳ ಮನೆ ಇದೆ, ನೋಡೋಣ ಬನ್ನಿ” ಎಂದು ಕರೆದ. ವಿಕ್ಟೋರಿಯಾ ಬೀದಿ ಎಂದು ಅದರ ಹೆಸರು. ಎರಡು ಬದಿಗೂ ಮರಗಳ ಸಾಲು. ಒಂದಕ್ಕೊಂದು ಗೋಡೆ ತಗುಲಿಸಿಕೊಂಡು ನಿಂತ ಹಳೆಯ ಕಾಲದ ಮಹಡಿ ಮನೆಗಳು. 202ನೆಯ ಸಂಖ್ಯೆಯ ಮನೆಯ ಮುಂದೆ ನಾವು ನಿಂತೆವು. ಹುವಾನೀಟಾ ನೀಲ್ಸನ್ ಎಂಬಾಕೆಯ ಮನೆ ಅದು. 1975ರ ಜುಲೈ 4ರ ಬೆಳಿಗ್ಗೆ ಆಕೆ ಹೊರಗೆ ಹೋದಳು. ಮತ್ತೆ ಯಾರೂ ಆಕೆಯನ್ನು ಕಾಣಲಿಲ್ಲ. ಆಗ ಆಕೆಗೆ ಮೂವತ್ತೆಂಟು ವರ್ಷ.

ಅಂದಿನಿಂದ ನಾನು ಹಿಡಿದ ಕೆಲಸವನ್ನು ಪತ್ತೇದಾರಿಕೆ ಎನ್ನುವುದು ಹೆಚ್ಚಿನ ಮಾತು. ಅದೊಂದು ಮುದುಕನ ಹವ್ಯಾಸ. ಮೊಮ್ಮಕ್ಕಳು ಶಾಲೆಗೆ ಹೋದಮೇಲೆ ರೈಲು ಹತ್ತಿ ನಗರದ ದೊಡ್ಡ ಗ್ರಂಥಾಲಯಕ್ಕೆ ಹೋಗುವುದು. ಹಳೆಯ ಪತ್ರಿಕೆಗಳನ್ನೂ ವಿಚಾರಣೆಯ ವರದಿಗಳನ್ನೂ ಓದುವುದು. ತಾರೀಖುಗಳನ್ನು ಒಂದು ನೋಟುಪುಸ್ತಕದಲ್ಲಿ ಸಾಲಾಗಿ ಬರೆದಿಡುವುದು. ಯಾರಿಗೂ ತಿಳಿಯದ ಹೊಸ ಸಂಗತಿಯನ್ನು ನಾನು ಕಂಡುಹಿಡಿಯಲಿಲ್ಲ. ಎಲ್ಲರಿಗೂ ತಿಳಿದಿದ್ದ ಸಂಗತಿಗಳನ್ನೇ ಅನುಕ್ರಮವಾಗಿ ಇಟ್ಟು ನೋಡಿದೆ, ಅಷ್ಟೆ. ಆದರೆ ಅನುಕ್ರಮಕ್ಕೆ ತನ್ನದೇ ಒಂದು ಬಾಯಿ ಇದೆ.

ಹುವಾನೀಟಾ ಬಡವಳಲ್ಲ. ಸಿಡ್ನಿಯಲ್ಲಿ ಹೆಸರಾಗಿದ್ದ ಮಾರ್ಕ್ ಫಾಯ್ ಎಂಬ ದೊಡ್ಡ ಅಂಗಡಿಯ ಮನೆತನದವಳು. ‘ನೌ’, ಎಂದರೆ ‘ಈಗ’, ಎಂಬ ಹೆಸರಿನ ಸ್ಥಳೀಯ ಪತ್ರಿಕೆ ಆಕೆಯದು. ಅದರಲ್ಲಿ ಮೊದಮೊದಲು ಬರುತ್ತಿದ್ದುದು ಅಂಗಡಿ, ಹೋಟೆಲು, ಉಡುಗೆತೊಡುಗೆಗಳ ಸುದ್ದಿ. ಆಕೆಯ ಬೀದಿಗೆ ಕೇಡು ಬಂದಾಗ ಪತ್ರಿಕೆಯ ಧ್ವನಿ ಬದಲಾಯಿತು.

ಫ್ರಾಂಕ್ ಥೀಮನ್ ಎಂಬ ಉದ್ಯಮಿ ಆ ಬೀದಿಯ ಹಳೆಯ ಮನೆಗಳನ್ನು ಸಾಲಾಗಿ ಕೊಂಡ. ಅವನ್ನು ಕೆಡವಿ ಗೋಪುರದಂಥ ಕಟ್ಟಡಗಳನ್ನು ಎಬ್ಬಿಸಬೇಕೆಂಬುದು ಅವನ ಯೋಜನೆ. 1973ರಲ್ಲಿ ನೂರಾರು ಬಾಡಿಗೆದಾರರಿಗೆ ಮನೆ ಬಿಡುವಂತೆ ನೋಟೀಸು ಹೋಯಿತು. ಅವರಲ್ಲಿ ಹೆಚ್ಚಿನವರು ಹಡಗಿನ ಕೆಲಸದವರು, ಪಿಂಚಣಿಯ ಮುದುಕರು, ಕಲಾವಿದರು. ಅವರ ಸಂಘದ ಮುಂದಾಳು ಆರ್ಥರ್ ಕಿಂಗ್ ಎಂಬಾತನನ್ನು ಅದೇ ವರ್ಷ ಕೆಲವರು ಹೊತ್ತುಕೊಂಡು ಹೋದರು. ಮೂರು ದಿನದ ಮೇಲೆ ಆತ ಹಿಂದಿರುಗಿದ. ಯಾರಿಗೂ ಏನೂ ಹೇಳದೆ ಮನೆ ಖಾಲಿ ಮಾಡಿ ಹೋದ. 1974ರ ಜನವರಿ 3ರಂದು, ಖಾಲಿಮಾಡಿಸಿದ್ದ ಮನೆಗಳನ್ನು ಹೊಕ್ಕು ಕುಳಿತಿದ್ದವರನ್ನು ಎಳೆದು ಹಾಕಲಾಯಿತು. ಎಳೆದವರು ಕೂಲಿಯ ಜಟ್ಟಿಗಳು. ಸುತ್ತ ನಿಂತು ಕಾವಲು ಕಾದವರು ಪೊಲೀಸರು.

ಆದರೂ ಕಟ್ಟಡ ಏಳಲಿಲ್ಲ. ಕಟ್ಟುವ ಕೂಲಿಗಾರರೇ ಕೆಡವಲು ಒಪ್ಪಲಿಲ್ಲ. ಜಾಕ್ ಮಂಡಿ ಮೊದಲಾದವರು ಮುಂದಾಳುಗಳಾಗಿದ್ದ ಅವರ ಸಂಘ, ಜನಕ್ಕೆ ಬೇಡವಾದ ಕಟ್ಟಡಕ್ಕೆ ತಮ್ಮ ಕೈ ಇಲ್ಲವೆಂದು ನಿಂತಿತ್ತು. ‘ಹಸಿರು ನಿಷೇಧ’ ಎಂದು ಲೋಕದಲ್ಲಿ ಪ್ರಸಿದ್ಧವಾದದ್ದು ಇದೇ. ಅದು 1971ರಲ್ಲಿ ಪ್ರಾರಂಭವಾಯಿತು. ಮುಂದೆ ಕೇಂದ್ರ ಸಂಘದವರು ಆ ಶಾಖೆಯನ್ನು ವಶಪಡಿಸಿಕೊಂಡು ನಿಷೇಧವನ್ನು ತೆಗೆದುಹಾಕಿದಾಗ, ಇನ್ನೇನು ಬೀದಿ ಹೋಯಿತೆಂದು ಎಲ್ಲರೂ ಕೈಚೆಲ್ಲಿದರು. ಹುವಾನೀಟಾ ನೀರು ಸರಬರಾಜಿನ ನೌಕರರ ಸಂಘದ ಬಳಿಗೆ ಹೋದಳು. ಅವರು ನಿಷೇಧ ಹಾಕಿದರು. ನೀರಿಲ್ಲದ ಗೋಪುರವನ್ನು ಯಾರಿಗೆ ಮಾರುವುದು? ಸಾಲ ಮಾಡಿ ಕೊಂಡ ನೆಲ ಸುಮ್ಮನೆ ಬಿದ್ದಿರುವ ಒಂದೊಂದು ದಿನವೂ ಬಡ್ಡಿ ಏರುತ್ತದೆ. ಒಬ್ಬ ಹೆಂಗಸಿನ ಹಟಕ್ಕೆ ಅಲ್ಲಿ ದಿನಕ್ಕೆ ಇಷ್ಟೆಂದು ಬೆಲೆ ಬಿದ್ದದ್ದು ಹೀಗೆ.

ಆ ಬೀದಿಗೆ ಹೊಂದಿಕೊಂಡಿರುವ ಪ್ರದೇಶ ಕಿಂಗ್ಸ್ ಕ್ರಾಸ್. ಕುಡಿತ, ಜೂಜು, ವೇಶ್ಯಾವಾಟಿಕೆಗಳಿಗೆ ಹೆಸರಾದ ಸ್ಥಳ. ರಾಸ್ಲಿನ್ ಬೀದಿಯ ತಿರುವಿನಲ್ಲಿದ್ದ ‘ಕ್ಯಾರೊಸೆಲ್’ ಎಂಬ ಕ್ಲಬ್ಬು, ಆ ಲೋಕದ ದೊರೆ ಎನಿಸಿದ್ದ ಏಬ್ ಸ್ಯಾಫ್ರನ್ ಎಂಬಾತನದು. 1975ರ ಜೂನ್ ಕೊನೆಯಲ್ಲಿ ಆ ಕ್ಲಬ್ಬಿನ ಇಬ್ಬರು ಹುವಾನೀಟಾಳ ಮನೆಯ ಬಾಗಿಲು ತಟ್ಟಿದರು. ಜಾಹೀರಾತು ಕೊಡುವ ನೆಪ. ಬಾಗಿಲು ತೆರೆದವನು ಆಕೆಯ ಜೊತೆಗಾರ. ಬಂದವರು ಅದೂ ಇದೂ ಮಾತಾಡಿ ಹಿಂದಿರುಗಿದರು. ಆಕೆಯನ್ನು ಹಿಡಿದೊಯ್ಯಲೆಂದೇ ಬಂದಿದ್ದರೆಂಬುದು ಆಮೇಲೆ ತಿಳಿಯಿತು. ಕೆಲವೇ ದಿನ ಕಳೆದು ಕ್ಲಬ್ಬಿನಿಂದ ಕರೆ ಬಂತು: ವರ್ತಕರ ಮಧ್ಯಾಹ್ನದ ಊಟದ ಏರ್ಪಾಡಿಗೆ ಜಾಹೀರಾತು ಬೇಕು, ನಾಳೆ ಬೆಳಿಗ್ಗೆ ಬನ್ನಿ. ಆಕೆ ಹೋದಳು.

ಅಪಾಯವಿದೆಯೆಂದು ತಿಳಿದೂ ಏಕೆ ಹೋದಳೆಂದು ಓದಿದವರೆಲ್ಲ ಕೇಳುತ್ತಾರೆ. ಸಣ್ಣ ಪತ್ರಿಕೆ ನಡೆಸಿದವನು ಈ ಪ್ರಶ್ನೆಯನ್ನು ಕೇಳಲಾರ. ಕಾಗದದ ಅಂಗಡಿಯವನು ಬಾಕಿ ಕೇಳಿ ನಿಂತಿರುತ್ತಾನೆ. ಮೊಳೆ ಜೋಡಿಸುವ ಹುಡುಗನಿಗೆ ಸಂಬಳ ಕೊಡಬೇಕು. ಜಾಹೀರಾತು ಇದೆ ಬನ್ನಿ ಎಂದರೆ ಹೋಗದಿರುವವರು ಯಾರು? ಗಾಳ ಹಾಕಿದವರು ಮೀನಿನ ಆಹಾರವನ್ನು ಬಲ್ಲವರಾಗಿದ್ದರು.

ನಾನು ಒಂದು ದಿನ 202ನೆಯ ಮನೆಯಿಂದ ಆ ತಿರುವಿನವರೆಗೆ ಗಡಿಯಾರ ನೋಡಿಕೊಂಡು ನಡೆದೆ. ಊರುಗೋಲು ಹಿಡಿದ ನನಗೂ ಹತ್ತು ನಿಮಿಷ ಹಿಡಿಯಲಿಲ್ಲ. ಅಂಥ ಜನನಿಬಿಡವಾದ ಹಾದಿ. ಸುಮಾರು ಒಂದು ವಾರದ ಮೇಲೆ ಆಕೆಯ ಕೈಚೀಲ ನಗರದ ಪಶ್ಚಿಮಕ್ಕೆ, ಹೆದ್ದಾರಿಯ ಬದಿಯಲ್ಲಿ ಸಿಕ್ಕಿತು. ಆಕೆಯ ದೇಹ ಇಂದಿಗೂ ಸಿಕ್ಕಿಲ್ಲ.

ಮುಂದಿನ ಕಥೆ ಕಾಗದಪತ್ರಗಳದು. ಅಪಹರಣದ ಒಳಸಂಚು ನಡೆಸಿದ್ದಕ್ಕಾಗಿ ಕ್ಲಬ್ಬಿನ ಇಬ್ಬರಿಗೆ ಶಿಕ್ಷೆಯಾಯಿತು. ಕೊಲೆಯ ಆರೋಪ ಯಾರ ಮೇಲೂ ಬರಲಿಲ್ಲ. ಆ ಉದ್ಯಮಿಯ ಮೇಲಾಗಲಿ ಕ್ಲಬ್ಬಿನ ಒಡೆಯನ ಮೇಲಾಗಲಿ ಈ ವಿಷಯದಲ್ಲಿ ಮೊಕದ್ದಮೆ ನಡೆಯಲಿಲ್ಲ. ಇಬ್ಬರೂ ಈಗ ಇಲ್ಲ. 1983ರಲ್ಲಿ ನಡೆದ ಮರಣ ವಿಚಾರಣೆಯಲ್ಲಿ ಆರು ಮಂದಿ ಜ್ಯೂರಿಗಳು ಕೊಟ್ಟ ತೀರ್ಮಾನವನ್ನು ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಆಕೆ 1975ರ ಜುಲೈ 4ರಂದು ಅಥವಾ ಅದಾದ ಸ್ವಲ್ಪ ಕಾಲದಲ್ಲಿಯೇ ಸತ್ತಿರಬೇಕು. ಎಲ್ಲಿ, ಹೇಗೆ ಎಂದು ಹೇಳಲು ಸಾಕ್ಷ್ಯ ಸಾಲದು. ಜೊತೆಗೆ ಇನ್ನೊಂದು ಮಾತು: ಆ ಕಾಲದ ಭ್ರಷ್ಟಾಚಾರದ ವಾತಾವರಣ, ಅದು ನಿಜವಿರಲಿ ಊಹೆಯಿರಲಿ, ಪೊಲೀಸರ ಶೋಧನೆಗೆ ಅಡ್ಡಿಯಾಯಿತು.

ಕಾನೂನು ಬಲ್ಲ ಪಂಡಿತರಲ್ಲ ಈ ಆರು ಜನ. ಆದರೂ ಅವರ ಮಾತು ಸೂಕ್ಷ್ಮವಾಗಿದೆ. ಯಾರೋ ಒಬ್ಬ ಅಧಿಕಾರಿ ಲಂಚ ತಿಂದು ಕಡತವನ್ನು ಮುಚ್ಚಿದನೆಂದು ಅವರು ಹೇಳಲಿಲ್ಲ. ವಾತಾವರಣ ಎಂದರು. ನಮ್ಮ ಕನ್ನಡದಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಶಬ್ದವಿದೆ: ಮಾಮೂಲು. ಲಂಚಕ್ಕೆ ನಾವು ಕೊಟ್ಟ ಈ ಹೆಸರಿನ ಅರ್ಥ ‘ಎಂದಿನದು’ ಎಂದು. ತಪ್ಪು ಎಂದಿನದಾದಾಗ ಅದನ್ನು ಯಾರೂ ಮಾಡುತ್ತಿರುವುದಿಲ್ಲ. ಅದು ತನಗೆ ತಾನೇ ನಡೆಯುತ್ತಿರುತ್ತದೆ. ಕಂಡವನು ದೂರು ಕೊಡಲು ಹೆದರುತ್ತಾನೆ, ಬರೆದುಕೊಳ್ಳಬೇಕಾದವನು ಬರೆದುಕೊಳ್ಳುವುದಿಲ್ಲ. ಪ್ರಾಮಾಣಿಕನಾದವನೂ ಪಕ್ಕದ ಮೇಜಿನವನನ್ನು ನಂಬಲಾರ. 1994ರಿಂದ 1997ರವರೆಗೆ ನ್ಯಾಯಮೂರ್ತಿ ವುಡ್ ಅವರ ಆಯೋಗ ಆ ರಾಜ್ಯದ ಪೊಲೀಸ್ ಖಾತೆಯನ್ನು ಶೋಧಿಸಿತು. ಕಾರಿನಲ್ಲಿ ಅಡಗಿಸಿಟ್ಟ ಕ್ಯಾಮೆರಾ, ಕಿಂಗ್ಸ್ ಕ್ರಾಸಿನ ಪತ್ತೇದಾರ ಅಧಿಕಾರಿ ಹಣ ತೆಗೆದುಕೊಳ್ಳುವುದನ್ನು ಹಿಡಿದು ತೋರಿಸಿತು. ಹುವಾನೀಟಾ ಹೋಗಿ ಆಗಲೇ ಇಪ್ಪತ್ತು ವರ್ಷ.

ಆಕೆ ಒಬ್ಬಳೇ ಅಲ್ಲ. 1977ರ ಜುಲೈ 15ರಂದು ಅದೇ ರಾಜ್ಯದ ಗ್ರಿಫಿತ್ ಎಂಬ ಊರಿನಲ್ಲಿ ಡೊನಾಲ್ಡ್ ಮೆಕೇ ಎಂಬ ಪೀಠೋಪಕರಣದ ವ್ಯಾಪಾರಿ ಕಾಣೆಯಾದ. ಗಾಂಜಾ ಬೆಳೆಯ ಸುಳಿವನ್ನು ಪೊಲೀಸರಿಗೆ ಕೊಟ್ಟಿದ್ದವನು ಆತ. ಮೊಕದ್ದಮೆ ನಡೆದಾಗ ಸುಳಿವು ಕೊಟ್ಟವನ ಹೆಸರು ಹೊರಬಿತ್ತು. ಅವನ ವಾಹನದ ಪಕ್ಕದಲ್ಲಿ ರಕ್ತ, ಗುಂಡಿನ ಚಿಪ್ಪುಗಳು ಸಿಕ್ಕವು, ದೇಹ ಸಿಗಲಿಲ್ಲ.

ಇಷ್ಟಾದರೂ ಹುವಾನೀಟಾಳ ಹೆಸರು ಅಳಿಯಲಿಲ್ಲ. ಉಳಿಸಿದವರು ಬಹುಮಟ್ಟಿಗೆ ಅಧಿಕಾರವಿಲ್ಲದ ಜನ: ನೆರೆಹೊರೆಯವರು, ಬಂಧುಗಳು, ಪತ್ರಕರ್ತರು. ಒಬ್ಬ ಪತ್ರಕರ್ತ 2004ರಲ್ಲಿ ಇಡೀ ಪುಸ್ತಕ ಬರೆದ. 2021ರಲ್ಲಿ, ಎಂದರೆ ನಲವತ್ತಾರು ವರ್ಷಗಳ ನಂತರ, ಆಕೆಯ ಪ್ರಕರಣದ ಸುಳಿವು ಕೊಟ್ಟವರಿಗೆ ಹತ್ತು ಲಕ್ಷ ಡಾಲರ್‌ವರೆಗೆ ಬಹುಮಾನವೆಂದು ಸರ್ಕಾರ ಸಾರಿತು. ಆಕೆ ಉಳಿಸಹೊರಟ ಮನೆಗಳಲ್ಲಿ ಹಲವು ಇಂದಿಗೂ ಆ ಬೀದಿಯಲ್ಲಿ ನಿಂತಿವೆ.

ಶ್ರೋತೃಗಳೇ, ಇಷ್ಟು ದೂರದ ಕಥೆಯನ್ನು ನಿಮಗೇಕೆ ಹೇಳಿದೆನೆಂಬುದನ್ನು ಈಗ ಹೇಳಬೇಕು. ನಾನು ಪತ್ರಿಕೆ ನಡೆಸುತ್ತಿದ್ದ ಕಾಲದಲ್ಲಿ ಕಚೇರಿಯೊಂದರ ಗುಮಾಸ್ತ ರಾತ್ರಿಯ ಹೊತ್ತು ನನ್ನಲ್ಲಿಗೆ ಬರುತ್ತಿದ್ದ. ಊರಿನ ಕೆರೆಯ ಅಂಗಳವನ್ನು ಕೆಲವರು ಸುಳ್ಳು ದಾಖಲೆ ಹುಟ್ಟಿಸಿ ನಿವೇಶನ ಮಾಡಿ ಮಾರುತ್ತಿದ್ದರು. ಅದರ ನಕಲುಗಳನ್ನು ತಂದುಕೊಟ್ಟ. ಒಂದು ವಾರ ಅರ್ಧ ಅಚ್ಚುಮಾಡಿದೆ. ಮುಂದಿನ ವಾರ ಮೂರು ಅಂಗಡಿಗಳವರು ಜಾಹೀರಾತು ನಿಲ್ಲಿಸಿದರು. ಉಳಿದರ್ಧವನ್ನು ಮೇಜಿನ ಸೆಳೆಖಾನೆಯಲ್ಲಿಟ್ಟೆ. ಯಾರೂ ನನ್ನನ್ನು ಬೆದರಿಸಲಿಲ್ಲ. ಬೆದರಿಸುವ ಅಗತ್ಯವೇ ಬೀಳಲಿಲ್ಲ.

ತಿಂಗಳು ಕಳೆಯುವುದರೊಳಗೆ ಆತನ ಹೆಂಡತಿ ಒಂದು ಭಾವಚಿತ್ರ ಹಿಡಿದು ಬಂದಳು. “ಸ್ವಾಮಿ, ನಿಮ್ಮ ಪತ್ರಿಕೆಯಲ್ಲಿ ಹಾಕಿ” ಎಂದಳು. ಹಾಕಿದೆ. ಕೋಲುಮುಖ, ಗೋಧಿ ಮೈಬಣ್ಣ. ಠಾಣೆಗೂ ಒಮ್ಮೆ ಹೋದೆ. ದಫೇದಾರ ನಗುತ್ತ, “ಸಾಲ ಮಾಡಿಕೊಂಡು ಎಲ್ಲೋ ಓಡಿಹೋಗಿದಾನೆ. ನಿಮಗ್ಯಾಕೆ ಸ್ವಾಮಿ ಈ ಉಸಾಬರಿ?” ಎಂದ. ಸೆಳೆಖಾನೆಯ ಮಾತನ್ನು ನಾನು ಆಡಲಿಲ್ಲ. ಆತ ಓಡಿಹೋದನೋ, ಬೇರೆ ಏನಾಯಿತೋ, ನಾನರಿಯೆ. ಅರಿಯಲು ಯತ್ನಿಸಲಿಲ್ಲ ಎಂಬುದನ್ನು ಮಾತ್ರ ಬಲ್ಲೆ.

ಸಿಡ್ನಿಯಿಂದ ಬಂದಮೇಲೆ ಹಳೆಯ ಸಂಪುಟಗಳನ್ನು ಇಳಿಸಿದೆ. ಆ ಚೌಕ ಸಿಕ್ಕಿತು. ಹಳದಿಯಾದ ನಕಲುಗಳೂ ಇದ್ದವು. ನನಗೆ ಗೊತ್ತಿದ್ದುದನ್ನೆಲ್ಲ ತಾರೀಖುಗಳೊಡನೆ ನಾಲ್ಕು ಹಾಳೆಗಳಲ್ಲಿ ಬರೆದೆ. ಆ ತಾಯಿ ತೀರಿಕೊಂಡಿದ್ದಳು. ಮಗನಿಗೆ ಈಗ ಐವತ್ತು ದಾಟಿದೆ. ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನೆ. ಅವನ ಕೈಗೆ ಕೊಟ್ಟೆ. ಅಲ್ಲಿಯೇ ನಿಂತು ಎರಡು ಸಲ ಓದಿದ. ಆಮೇಲೆ, “ಅಮ್ಮ ಇದ್ದಾಗ ಯಾಕೆ ಹೇಳಲಿಲ್ಲ, ಸಾರ್?” ಎಂದು ಕೇಳಿದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಳೆಗಳನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ನನಗೆ ಕುಳಿತುಕೊಳ್ಳಲು ಒಂದು ಮಣೆ ಹಾಕಿದ. ತಂದೆ ನೋಡಲು ಹೇಗಿದ್ದರು, ಏನು ಮಾತಾಡುತ್ತಿದ್ದರು ಎಂದು ಕೇಳತೊಡಗಿದ. ನೆನಪಿದ್ದಷ್ಟನ್ನು ಹೇಳಿದೆ. ಅಂಗಡಿ ಮುಚ್ಚುವವರೆಗೂ ಹೇಳುತ್ತಲೇ ಇದ್ದೆ.

(ಆಕಾಶವಾಣಿಯ ಕೃಪೆ)