ರೋಗಿಯ ಬಳಿ ಕುಳಿತವರನ್ನೂ ಸಂದರ್ಶಿಸೋಣ

(ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ರೋಗಿ ಸಂದರ್ಶನವು ನಮ್ಮ ಸಮುದಾಯದಲ್ಲಿ ಇಂದಿಗೂ ಜೀವಂತವಾಗಿರುವ ಒಂದು ಉತ್ತಮ ಸಂಪ್ರದಾಯ. ಮೊಹಲ್ಲಾದ ಒಬ್ಬರು ಆಸ್ಪತ್ರೆಗೆ ಸೇರಿದರೆ ಆ ಸುದ್ದಿ ಒಂದು ನಮಾಝಿನಿಂದ ಮತ್ತೊಂದು ನಮಾಝಿನೊಳಗೆ ಎಲ್ಲರಿಗೂ ತಲುಪಿರುತ್ತದೆ. ಸಂಜೆಯ ಹೊತ್ತಿಗೆ ಮಂಚದ ಸುತ್ತ ಜನ ಸೇರುತ್ತಾರೆ. ಕೈಯಲ್ಲಿ ಕಿತ್ತಳೆ, ಬಾಳೆಹಣ್ಣು, ಬ್ರೆಡ್ಡು, ಎಳನೀರು ಇರುತ್ತದೆ. ರೋಗಿಯ ಯೋಗಕ್ಷೇಮ ವಿಚಾರಿಸಿ, ದುಆ ಮಾಡಿ ಹಿಂದಿರುಗುತ್ತಾರೆ. ಇದನ್ನು ಕಡೆಗಣಿಸುವ ಉದ್ದೇಶ ನನಗಿಲ್ಲ. ನೆರೆಮನೆಯಲ್ಲಿ ಯಾರಿದ್ದಾರೆಂದೇ ತಿಳಿಯದ ಈ ಕಾಲದಲ್ಲಿ ಇದು ದೊಡ್ಡ ಸಂಪತ್ತು.

ಆದರೆ ಅದೇ ಮಂಚದ ತಲೆಯ ಬದಿಯಲ್ಲಿ ಇನ್ನೊಬ್ಬರು ಇರುತ್ತಾರೆ. ನಾವು ಒಳಬಂದಾಗ ತಾನು ಕುಳಿತ ಸ್ಟೂಲನ್ನು ನಮಗೆ ಬಿಟ್ಟುಕೊಟ್ಟು ಗೋಡೆಗೊರಗಿ ನಿಲ್ಲುವವರು ಅವರು. ಆಕೆ ರೋಗಿಯ ಪತ್ನಿಯಾಗಿರಬಹುದು, ಮಗಳೋ ಸೊಸೆಯೋ ಆಗಿರಬಹುದು. ಕೆಲವೊಮ್ಮೆ ವಯಸ್ಸಾದ ಪತಿಯೂ ಆಗಿರಬಹುದು. ನಾವು ಅವರನ್ನು ಕೇಳುವುದೇನು? ವೈದ್ಯರು ಏನೆಂದರು, ಮನೆಗೆ ಯಾವಾಗ ಕಳಿಸುತ್ತಾರೆ ಎಂದು. ನೀವು ಊಟ ಮಾಡಿದಿರಾ, ನಿನ್ನೆ ರಾತ್ರಿ ನಿದ್ರಿಸಿದಿರಾ ಎಂದು ಎಷ್ಟು ಜನ ಕೇಳುತ್ತೇವೆ? ಇಂದು ನಾನು ಮಾತನಾಡಲಿರುವುದು ಅವರ ಕುರಿತು, ಅವರಿಗಾಗಿ ನಾವು ಕೊಂಡೊಯ್ಯಬೇಕಾದ ಚೀಲದ ಕುರಿತು.

ಕ್ರಿ.ಶ. 624ರಲ್ಲಿ ಬದ್ರ್ ಯುದ್ಧಕ್ಕಾಗಿ ಮುಸ್ಲಿಮರು ಮದೀನಾದಿಂದ ಹೊರಟಾಗ ಹಝ್ರತ್ ಉಸ್ಮಾನ್(ರ) ಅವರ ಜೊತೆ ಇರಲಿಲ್ಲ. ಪ್ರವಾದಿ(ಸ)ಯವರ ಪುತ್ರಿಯೂ ಉಸ್ಮಾನ್‌ರ(ರ) ಪತ್ನಿಯೂ ಆಗಿದ್ದ ರುಕಯ್ಯಾ(ರ) ಆಗ ತೀವ್ರ ಅಸ್ವಸ್ಥರಾಗಿದ್ದರು. ಅವರ ಶುಶ್ರೂಷೆಗಾಗಿ ಮನೆಯಲ್ಲಿ ಉಳಿಯುವಂತೆ ಪ್ರವಾದಿ(ಸ)ಯವರೇ ಉಸ್ಮಾನ್‌ರಿಗೆ(ರ) ತಿಳಿಸಿದ್ದರು. ಯುದ್ಧ ಮುಗಿದ ಬಳಿಕ, ರಣರಂಗದಲ್ಲಿದ್ದವರಿಗೆ ಸಿಕ್ಕಷ್ಟೇ ಪಾಲು ಮತ್ತು ಪ್ರತಿಫಲ ಅವರಿಗೂ ಇದೆಯೆಂದು ಘೋಷಿಸಲಾಯಿತು. ಈ ಘಟನೆಯನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಅದರೊಳಗಿನ ಎರಡು ಪಾಠಗಳನ್ನು ಗಮನಿಸಿದ್ದೇವೆಯೇ? ರೋಗಿಯ ಪಕ್ಕದಲ್ಲಿ ಕುಳಿತಿರುವುದು ಬದ್ರ್‌ನ ರಣರಂಗಕ್ಕೆ ಸಮನಾದ ಕರ್ತವ್ಯವೆಂದು ಪರಿಗಣಿಸಲ್ಪಟ್ಟಿತು. ಜೊತೆಗೆ ಆ ಕರ್ತವ್ಯವನ್ನು ವಹಿಸಿಕೊಂಡವರು ಓರ್ವ ಪುರುಷರಾಗಿದ್ದರು.

ಇನ್ನೊಂದು ಘಟನೆ ಕ್ರಿ.ಶ. 629ರದು. ಮುಅ್ತಾ ಯುದ್ಧದಲ್ಲಿ ಜಅ್‌ಫರ್(ರ) ಹುತಾತ್ಮರಾದ ಸುದ್ದಿ ಬಂದಾಗ, ದುಃಖದಲ್ಲಿ ಮುಳುಗಿರುವ ಆ ಕುಟುಂಬಕ್ಕೆ ಅಡುಗೆ ಮಾಡಿ ಕಳುಹಿಸುವಂತೆ ಪ್ರವಾದಿ(ಸ)ಯವರು ಸೂಚಿಸಿದರು. ಸಾವಿನ ಮನೆಗೆ ಊಟ ಕಳುಹಿಸುವ ಪದ್ಧತಿಯನ್ನು ನಾವು ಇಂದಿಗೂ ಪಾಲಿಸುತ್ತಿದ್ದೇವೆ. ಆದರೆ ಆ ಸೂಚನೆಯ ಕಾರಣವನ್ನು ನೋಡಿ: ಆ ಮನೆಯವರು ಅಡುಗೆ ಮಾಡುವ ಸ್ಥಿತಿಯಲ್ಲಿಲ್ಲ ಎಂಬುದೇ ಕಾರಣ. ಹಾಗಾದರೆ ಪಾರ್ಶ್ವವಾಯು ಪೀಡಿತ ತಂದೆಯನ್ನು ಎರಡು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಮನೆಯವರು ಆ ಸ್ಥಿತಿಯಲ್ಲಿದ್ದಾರೆಯೇ? ಮೂರು ದಿನದ ದುಃಖಕ್ಕೆ ನಮ್ಮಲ್ಲಿ ಬಿರಿಯಾನಿಯ ಹಂಡೆ ಇದೆ. ಮೂರು ವರ್ಷದ ಶುಶ್ರೂಷೆಗೆ ಒಂದು ಬಟ್ಟಲು ಗಂಜಿಯೂ ಇಲ್ಲ.

ಆ ಶುಶ್ರೂಷೆಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳೋಣ. ಸ್ವತಃ ಹೊರಳಲಾಗದ ರೋಗಿಗೆ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಆಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ ಇದಕ್ಕೆ ವಿನಾಯಿತಿ ಇಲ್ಲ. ಅಂದರೆ ನೋಡಿಕೊಳ್ಳುವವರು ತಿಂಗಳುಗಟ್ಟಲೆ ಸತತವಾಗಿ ಎರಡು ಗಂಟೆಗಿಂತ ಹೆಚ್ಚು ನಿದ್ರಿಸಿರುವುದಿಲ್ಲ. ಡಯಾಲಿಸಿಸ್ ರೋಗಿಯ ಜೊತೆಗಿರುವವರು ವಾರಕ್ಕೆ ಎರಡು ಅಥವಾ ಮೂರು ದಿನ, ಪ್ರತಿ ಬಾರಿ ಸುಮಾರು 4 ಗಂಟೆ ಆಸ್ಪತ್ರೆಯ ವರಾಂಡದಲ್ಲಿ ಕಾಯುತ್ತಾರೆ. ಮರೆವಿನ ಕಾಯಿಲೆಯ ಹಿರಿಯರಿರುವ ಮನೆಯಲ್ಲಿ ಬಾಗಿಲ ಚಿಲಕ ಸದ್ದಾದರೂ ಎಚ್ಚರವಾಗಬೇಕು. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಇವರಲ್ಲಿ ಹೆಚ್ಚಿನವರನ್ನು ನೋಡಿಕೊಳ್ಳುತ್ತಿರುವುದು ಅವರ ಮನೆಯವರೇ.

ಈ ಭಾರ ಯಾರ ಹೆಗಲ ಮೇಲಿದೆ? ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯ ಸದಸ್ಯರ ಆರೈಕೆಯಲ್ಲಿ ತೊಡಗುವ ಮಹಿಳೆಯರು ದಿನಕ್ಕೆ 137 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸುತ್ತಾರೆ. ಪುರುಷರು ವ್ಯಯಿಸುವುದು 75 ನಿಮಿಷ. ಅಡುಗೆ, ಪಾತ್ರೆ, ಬಟ್ಟೆಯ ಕೆಲಸ ಇದರ ಹೊರಗಿದೆ. ದಣಿವಿನ ಬೆಲೆಯೂ ಸಣ್ಣದಲ್ಲ. ಅಮೇರಿಕದಲ್ಲಿ ವೃದ್ಧ ದಂಪತಿಗಳ ಕುರಿತು ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂಗಾತಿಯ ಶುಶ್ರೂಷೆಯಿಂದ ಬಳಲಿದ್ದವರು ನಾಲ್ಕು ವರ್ಷಗಳೊಳಗೆ ಮರಣ ಹೊಂದುವ ಅಪಾಯವು ಅಂತಹ ಹೊಣೆಯಿಲ್ಲದವರಿಗಿಂತ ಶೇ. 63ರಷ್ಟು ಅಧಿಕವಾಗಿತ್ತು. ನಾವು ಒಬ್ಬ ರೋಗಿಯನ್ನು ಸಂದರ್ಶಿಸಿ ಬರುತ್ತೇವೆ. ಆ ಮನೆಯಲ್ಲಿ ಎರಡನೆಯ ರೋಗಿ ತಯಾರಾಗುತ್ತಿರುವುದನ್ನು ನೋಡದೆ ಬರುತ್ತೇವೆ.

ಈಗ ಚೀಲದ ವಿಷಯಕ್ಕೆ ಬರೋಣ. ಮೊದಲು, ಚೀಲದಲ್ಲಿ ಏನಿರಬಾರದು ಎಂಬುದನ್ನು ಹೇಳುತ್ತೇನೆ. ಮೂತ್ರಪಿಂಡದ ರೋಗಿಯ ಮನೆಗೆ ಬಾಳೆಹಣ್ಣು, ಕಿತ್ತಳೆ, ಎಳನೀರು ಒಯ್ಯಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ ಅಧಿಕವಿದ್ದು, ಅದು ಆ ರೋಗಿಯ ಹೃದಯಕ್ಕೆ ಅಪಾಯಕಾರಿ. ಅತಿಥಿ ಪ್ರೀತಿಯಿಂದ ತಂದದ್ದನ್ನು ರೋಗಿಗೆ ಕೊಡಲಾಗದೆ, ಕೊಡದಿರಲೂ ಆಗದೆ ಪಕ್ಕದಲ್ಲಿರುವವರು ಸಂಕಟಪಡುತ್ತಾರೆ. ಅವರಿವರು ಹೇಳಿದ ನಾಟಿ ಮದ್ದುಗಳನ್ನೂ 'ಇಂಥ ಊರಿನ ಇಂಥವರಿಗೆ ಇದರಿಂದಲೇ ವಾಸಿಯಾಯಿತು' ಎಂಬ ಕಥೆಗಳನ್ನೂ ಒಯ್ಯಬೇಡಿ. ಈಗಾಗಲೇ ಹತ್ತು ಜನರು ಹತ್ತು ದಾರಿ ತೋರಿಸಿರುತ್ತಾರೆ. ಹಿಂದಿರುಗಿಸಬೇಕಾದ ಪಾತ್ರೆಯಲ್ಲಿ ಊಟ ಕೊಡಬೇಡಿ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಹೆಂಗಸರ ಮರ್ಯಾದೆ. ನಿಮ್ಮ ಡಬ್ಬಿಯನ್ನು ತೊಳೆದು, ಅದರಲ್ಲಿ ಏನಾದರೂ ತುಂಬಿಸಿ ಕಳುಹಿಸುವ ಚಿಂತೆಯೊಂದು ಅವರಿಗೆ ಹೊಸದಾಗಿ ಅಂಟಿಕೊಳ್ಳುತ್ತದೆ.

ರೋಗಿ ಆಸ್ಪತ್ರೆಯಲ್ಲಿದ್ದರೆ ಜೊತೆಗಿರುವವರ ಅಗತ್ಯಗಳು ಬಹಳ ಸಾಮಾನ್ಯವಾದವು. ನೆಲದ ಮೇಲೆ ಮಲಗಲು ಒಂದು ದಪ್ಪ ಚಾಪೆ ಮತ್ತು ಹೊದಿಕೆ, ಬಿಸಿನೀರಿಗೊಂದು ಫ್ಲಾಸ್ಕ್, ಒಂದು ಜೊತೆ ರಬ್ಬರ್ ಚಪ್ಪಲಿ, ಉದ್ದ ತಂತಿಯ ಮೊಬೈಲ್ ಚಾರ್ಜರ್, ಸೋಪು, ಟೂತ್‌ಬ್ರಷ್, ಬದಲಿಸಲು ಒಂದು ಜೊತೆ ಬಟ್ಟೆ. ಅವಸರದಲ್ಲಿ ಮನೆ ಬಿಟ್ಟು ಬಂದವರ ಬಳಿ ಇವು ಯಾವುದೂ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ರೋಗಿಯ ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡುಗಳ ನಾಲ್ಕಾರು ಜೆರಾಕ್ಸ್ ಪ್ರತಿಗಳನ್ನು ಇಟ್ಟುಕೊಡಿ. ಒಂದು ಸಹಿಗಾಗಿ, ಒಂದು ಪ್ರತಿಗಾಗಿ ಅವರು ಮೂರು ಮಹಡಿ ಹತ್ತಿಳಿಯುವುದು ತಪ್ಪುತ್ತದೆ. ಆಟೋ ಮತ್ತು ಕ್ಯಾಂಟೀನಿಗಾಗಿ ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ನೋಟುಗಳನ್ನು ಇಡಿ. ದೊಡ್ಡ ಮೊತ್ತವನ್ನು ಕೊಡುವುದಿದ್ದರೆ ಮುಚ್ಚಿದ ಲಕೋಟೆಯಲ್ಲಿ ಕೊಡಿ. ಅದನ್ನು ಕೊಡುವ ಚಿತ್ರ ಯಾವ ವಾಟ್ಸ್ಯಾಪ್ ಗುಂಪಿಗೂ ಹೋಗಕೂಡದು.

ಕಾಯಿಲೆ ಮನೆಯಲ್ಲಿ ನೆಲೆಸಿದ್ದರೆ ಚೀಲ ಬೇರೆಯಾಗುತ್ತದೆ. ಒಂದು ಕೈ ರೋಗಿಯ ಮೇಲಿದ್ದರೂ ಇನ್ನೊಂದು ಕೈಯಿಂದ ತಿನ್ನಬಹುದಾದ, ಬೇಗ ಕೆಡದ ಆಹಾರ ಬೇಕು: ಖರ್ಜೂರ, ಹುರಿದ ಶೇಂಗಾ, ಒಗ್ಗರಣೆ ಅವಲಕ್ಕಿ, ಉತ್ತರ ಕರ್ನಾಟಕದವರ ಕಡಕ್ ರೊಟ್ಟಿ ಮತ್ತು ಚಟ್ನಿಪುಡಿ, ನೀರು ಸೇರಿಸಿದರೆ ಸಿದ್ಧವಾಗುವಂತೆ ಹುರಿದಿಟ್ಟ ಉಪ್ಪಿಟ್ಟಿನ ರವೆ. ದಿನಕ್ಕೆ ಇಪ್ಪತ್ತು ಬಾರಿ ಸೋಪಿನಿಂದ ತೊಳೆದು ಬಿರಿದ ಕೈಗಳಿಗೆ ಕೊಬ್ಬರಿ ಎಣ್ಣೆ ಅಥವಾ ಮುಲಾಮು, ಎತ್ತಿ ಇಳಿಸಿ ನೊಂದ ಸೊಂಟಕ್ಕೆ ಬಿಸಿನೀರಿನ ಚೀಲ, ವಾರದ ಮಾತ್ರೆಗಳನ್ನು ದಿನವಾರು ಹಾಕಿಡುವ ಪೆಟ್ಟಿಗೆ, ಔಷಧಿಯ ವೇಳೆ ಬರೆಯಲು ಒಂದು ನೋಟ್‌ಪುಸ್ತಕ ಇವೆಲ್ಲ ಇರಲಿ. ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಎರಡು ಸಂಖ್ಯೆಗಳನ್ನು ಬರೆದು ಅಂಟಿಸಿ: ಮನಸ್ಸು ಕುಸಿದಾಗ ಮಾತನಾಡಲು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಿರಿಯ ನಾಗರಿಕರ ಸಹಾಯವಾಣಿ 14567. ಇಷ್ಟೆಲ್ಲದರ ಜೊತೆಗೆ ಅವರಿಗೆ ಮಾತ್ರ ಸೇರಿದ ಒಂದು ವಸ್ತು ಇರಲಿ. ಅದು ಅತ್ತರಿನ ಸಣ್ಣ ಸೀಸೆಯಾಗಿರಬಹುದು, ಅವರಿಗೆ ಇಷ್ಟವಾದ ವಾರಪತ್ರಿಕೆಯಾಗಿರಬಹುದು. ರೋಗಿಗೆ ಅದರಿಂದ ಯಾವ ಉಪಯೋಗವೂ ಇರಬಾರದು. 'ನಿಮ್ಮನ್ನೂ ನಾವು ನೋಡಿದ್ದೇವೆ' ಎಂದು ಹೇಳುವುದು ಆ ವಸ್ತುವೇ.

ಆದರೆ ಸಹೋದರರೇ, ಇವೆಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಅಂಗಡಿಯಲ್ಲಿ ಸಿಗದ ಒಂದು ವಸ್ತು ಇದೆ. ಅದನ್ನು ಚೀಲದ ಮೇಲ್ಭಾಗದಲ್ಲೇ ಇಡಬೇಕು. ಒಂದು ಚೀಟಿಯಲ್ಲಿ ಹೀಗೆ ಬರೆಯಿರಿ: 'ಪ್ರತಿ ಬುಧವಾರ ಅಸರ್‌ನಿಂದ ಮಗ್‌ರಿಬ್‌ವರೆಗೆ ನಾವು ಬಂದು ಕುಳಿತುಕೊಳ್ಳುತ್ತೇವೆ. ನೀವು ಮಲಗಬಹುದು, ಹೊರಗೆ ಹೋಗಬಹುದು.' ಕೆಳಗೆ ನಿಮ್ಮ ಹೆಸರು ಹಾಕಿರಿ. 'ಏನಾದರೂ ಬೇಕಿದ್ದರೆ ಹೇಳಿ' ಎಂಬ ಮಾತನ್ನು ನಾವೆಲ್ಲ ಹೇಳುತ್ತೇವೆ. ಸ್ವಾಭಿಮಾನವುಳ್ಳ ಯಾರೂ ಅದಕ್ಕೆ ಉತ್ತರಿಸಿ ಕೇಳುವುದಿಲ್ಲ. ದಿನವನ್ನೂ ವೇಳೆಯನ್ನೂ ನಾವೇ ಗೊತ್ತುಪಡಿಸಿದರೆ ಕೇಳುವ ಮುಜುಗರ ಅವರಿಗಿಲ್ಲ. ಆ ಎರಡು ಗಂಟೆಗಳಲ್ಲಿ ಅವರು ತನ್ನದೇ ರಕ್ತದೊತ್ತಡ ತೋರಿಸಿಕೊಳ್ಳಲು ವೈದ್ಯರ ಬಳಿ ಹೋಗಬಹುದು, ತವರಿಗೆ ಹೋಗಿ ಬರಬಹುದು, ಬಾಗಿಲು ಮುಚ್ಚಿ ಅಳಬಹುದು. ಹೇಗೆ ಕಳೆದರೆಂದು ಕೇಳುವ ಹಕ್ಕು ನಮಗಿಲ್ಲ. ರೋಗಿ ಪುರುಷರಾದರೆ ಪುರುಷರು, ಮಹಿಳೆಯಾದರೆ ಮಹಿಳೆಯರು ಹೋಗಲಿ. ಮಗ್ಗುಲು ಬದಲಿಸುವ, ನೀರು ಕುಡಿಸುವ ಕ್ರಮವನ್ನು ಮೊದಲ ದಿನ ಅವರಿಂದಲೇ ಕಲಿಯಿರಿ.

ಇಲ್ಲಿ ಗಂಡು ಮಕ್ಕಳಿಗೆ ಒಂದು ಮಾತು ಹೇಳಲೇಬೇಕಾಗಿದೆ. ತಂದೆ ತಾಯಿಯ ವೃದ್ಧಾಪ್ಯದ ಹೊಣೆಯನ್ನು ಪವಿತ್ರ ಕುರ್‌ಆನ್ ಮಕ್ಕಳ ಮೇಲೆ ಹೊರಿಸಿದೆ. ಆ ಹೊಣೆಯನ್ನು ನಾವು ನಿಶ್ಶಬ್ದವಾಗಿ ಪತ್ನಿಯ ಹೆಗಲಿಗೆ ವರ್ಗಾಯಿಸಿ, 'ನಾನು ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ' ಎನ್ನುತ್ತೇವೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಮಗ ದುಬೈಯಲ್ಲೋ ದಮ್ಮಾಮ್‌ನಲ್ಲೋ ಇದ್ದಾನೆ. ಹಣ ತಪ್ಪದೆ ಬರುತ್ತದೆ, ವೀಡಿಯೊ ಕರೆಯೂ ಬರುತ್ತದೆ. ಆ ದುಡಿಮೆಯೂ ತ್ಯಾಗವೇ. ಆದರೆ ಕರೆ ಬಂದಾಗ ತಾಯಿಯ ಮುಖ ನೋಡಿದ ಬಳಿಕ ಮೊಬೈಲನ್ನು ಹಿಡಿದಿರುವವಳ ಮುಖವನ್ನೂ ನೋಡಲಿ. ಹಣ ಕಳುಹಿಸುವಾಗ ವಾರಕ್ಕೆ ಎರಡು ರಾತ್ರಿ ಬಂದು ಉಳಿಯುವ ದಾದಿಯ ಸಂಬಳವನ್ನೂ ಸೇರಿಸಿ ಕಳುಹಿಸಲಿ. ಊರಲ್ಲಿರುವ ಅಣ್ಣ ತಮ್ಮಂದಿರು ರಾತ್ರಿಗಳನ್ನು ಹಂಚಿಕೊಳ್ಳಲಿ.

ಇದು ಕೇವಲ ಮನೆಗಳ ವಿಷಯವಲ್ಲ, ಸರಕಾರದ್ದೂ ಹೌದು. ಹೆಚ್ಚಿನ ನೆರವಿನ ಅಗತ್ಯವಿರುವ ವಿಕಲಚೇತನರಿಗೆ ಆರೈಕೆದಾರರ ಭತ್ಯೆ ನೀಡುವ ಅಂಶ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿದೆ. ಮತ ಕೇಳಲು ಬರುವವರಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಬೇಕು. ಆದರೆ ಸರಕಾರ ಬರುವವರೆಗೆ ಸಮಾಜ ಕಾಯಬೇಕಾಗಿಲ್ಲ ಎಂಬುದಕ್ಕೆ ನೆರೆಯ ಕೇರಳ ಉದಾಹರಣೆಯಾಗಿದೆ. ಕೋಝಿಕ್ಕೋಡ್‌ನಲ್ಲಿ 1993ರಲ್ಲಿ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ಸೇರಿ ಉಪಶಾಮಕ ಆರೈಕೆಯ ಸಂಸ್ಥೆಯೊಂದನ್ನು ಕಟ್ಟಿದರು. ಮಲಪ್ಪುರಂ ಮುಂತಾದ ಜಿಲ್ಲೆಗಳಲ್ಲಿ ಅದು ನೆರೆಹೊರೆಯವರ ಜಾಲವಾಗಿ ಬೆಳೆಯಿತು. ತರಬೇತಿ ಪಡೆದ ಸಾಮಾನ್ಯ ಜನ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರ ಅದಕ್ಕಾಗಿ ಒಂದು ನೀತಿಯನ್ನೇ ರೂಪಿಸಿತು. ಮೊದಲು ನೆರೆಮನೆಯವರು ಎದ್ದರು, ಸರಕಾರ ಅವರ ಹಿಂದೆ ಬಂದಿತು.

ನಮ್ಮ ಮಸೀದಿಗಳ ಬಳಿ ಪ್ರತಿ ಮನೆಯ ಚಂದಾದ ಲೆಕ್ಕವಿದೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಅವರನ್ನು ನೋಡಿಕೊಳ್ಳುತ್ತಿರುವವರು ಯಾರು ಎಂಬ ಪಟ್ಟಿಯೊಂದನ್ನು ಅದೇ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಲು ಸಾಧ್ಯವಿಲ್ಲವೇ? ಆ ಪಟ್ಟಿಯ ಪ್ರತಿ ಹೆಸರಿನ ಮುಂದೆ ವಾರದ ಎರಡು ಗಂಟೆಗಳನ್ನು ವಹಿಸಿಕೊಳ್ಳುವ ಇಬ್ಬರ ಹೆಸರು ಇರಲಿ. ನೆರೆಯವರೆಂದರೆ ಮುಸ್ಲಿಮರು ಮಾತ್ರವಲ್ಲ. ಬೀದಿಯ ಹಿಂದೂ, ಕ್ರೈಸ್ತ ಮನೆಗಳೂ ಆ ಪಟ್ಟಿಯಲ್ಲಿರಲಿ. ನಿದ್ರೆಗೆಟ್ಟ ಕಣ್ಣುಗಳಿಗೆ ಜಾತಿ ಧರ್ಮಗಳಿಲ್ಲ.

ನಾನು ದೊಡ್ಡ ಯೋಜನೆಯನ್ನೇನೂ ನಿಮ್ಮ ಮುಂದಿಡುತ್ತಿಲ್ಲ. ಈ ಸಭೆಯಲ್ಲಿ ಕುಳಿತಿರುವ ಪ್ರತಿಯೊಬ್ಬರಿಗೂ ಅಂತಹ ಒಂದು ಮನೆ ಈಗಾಗಲೇ ನೆನಪಾಗಿರಬಹುದು. ಮುಂದಿನ ಜುಮಾದೊಳಗೆ ಒಂದು ಚೀಲ ಸಿದ್ಧಪಡಿಸಿ, ಮೊದಲೇ ಫೋನ್ ಮಾಡಿ, ಆ ಮನೆಗೆ ಹೋಗಿ. ರೋಗಿಗಾಗಿ ದುಆ ಮಾಡಿ. ಆ ಬಳಿಕ ಚೀಲವನ್ನು ರೋಗಿಯ ಮಂಚದ ಮೇಲಿಡದೆ, ಪಕ್ಕದಲ್ಲಿ ನಿಂತಿರುವವರ ಕೈಗೆ ಕೊಡಿ. ಚಹಾ ಮಾಡಲು ಅವರು ಅಡುಗೆಮನೆಯತ್ತ ಹೊರಟರೆ ತಡೆದು ಕುಳ್ಳಿರಿಸಿ, 'ಈಗ ನೀವು ಹೇಗಿದ್ದೀರಿ?' ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ.