ಅಟ್ಟದ ಮೇಲಿನ ಅಕ್ಕಿ ಮುಡಿ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟಾಗ ನಾವು ಮೊದಲು ತೆರೆಯುವುದು ಇಗರ್ಜಿಯ ದಾಖಲೆ ಪುಸ್ತಕಗಳನ್ನು. ಜ್ಞಾನಸ್ನಾನ, ಮದುವೆ, ಮರಣಗಳ ದಿನಾಂಕಗಳು ಅಲ್ಲಿವೆ. ಆದರೆ ಆ ಜನರು ಏನನ್ನು ಉಂಡರು, ಯಾವುದರಲ್ಲಿ ಅಳೆದರು, ಏನನ್ನು ಹೊತ್ತು ನಡೆದರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಅದಕ್ಕಾಗಿ ಮನೆಯ ಅಟ್ಟವನ್ನು ಹತ್ತಬೇಕು. ಸಿಕ್ಕಿದ ವಸ್ತುವನ್ನು ಕೆಳಗಿಳಿಸಿ, ಜಗಲಿಯಲ್ಲಿ ಕುಳಿತ ಹಿರಿಯರ ಮುಂದಿರಿಸಿ ಕೇಳಬೇಕು. ಜಾನಪದ ಕ್ಷೇತ್ರಕಾರ್ಯವೆಂದರೆ ಮೂಲತಃ ಇಷ್ಟೆ.

ನಮ್ಮ ದಕ್ಷಿಣ ಕನ್ನಡದ ಅಕ್ಕಿ ಮುಡಿಯನ್ನೇ ತೆಗೆದುಕೊಳ್ಳಿ. ಒಣಗಿಸಿದ ಬೈಹುಲ್ಲನ್ನು ಹರಡಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿದು, ಮರದ ಕೊಡತಿಯಿಂದ ಬಡಿದು ಗುಂಡಾಗಿಸಿದ ಕಟ್ಟು ಅದು. ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ; ಅಂದರೆ 42 ಸೇರು. ಗದ್ದೆಯ ವಿಸ್ತಾರವನ್ನೂ ಬಿತ್ತುವ ಬೀಜದ ಮುಡಿಯಿಂದಲೇ ಹೇಳುತ್ತಿದ್ದರು. ಗೇಣಿಯನ್ನೂ ಮುಡಿಯಲ್ಲಿಯೇ ಗೊತ್ತುಮಾಡುತ್ತಿದ್ದರು. ಇಷ್ಟನ್ನು ಪುಸ್ತಕದಿಂದಲೂ ತಿಳಿಯಬಹುದು. ತಿಳಿಯಲಾಗದ್ದು ಮುಂದಿದೆ.

ಕೆಲವು ವರ್ಷಗಳ ಹಿಂದೆ ಮುಡಿಯ ವಿಷಯವನ್ನು ಕೇಳುತ್ತ ನಾನು ಒಂದೇ ಊರಿನ ಎರಡು ಮನೆಗಳಿಗೆ ಹೋಗಿದ್ದೆ. ಮೊದಲನೆಯದು ಹಿಂದಿನ ಧಣಿಗಳ ಮನೆ. ಸುಗ್ಗಿಯಾದ ಮೇಲೆ ಅಂಗಳದಲ್ಲಿ ಮುಡಿಗಳು ಸಾಲಾಗಿ ನಿಲ್ಲುತ್ತಿದ್ದ ವೈಭವವನ್ನು ಅಲ್ಲಿಯ ಯಜಮಾನರು ಮನದುಂಬಿ ವರ್ಣಿಸಿದರು. ಎರಡನೆಯದು ಒಕ್ಕಲಿನ ಮನೆ. ಅಲ್ಲಿಯ ವೃದ್ಧೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಮಗಾ, ಕಟ್ಟಿದ್ದು ನಾವು, ಬಿಚ್ಚಿದ್ದು ಅವರು” ಎಂದರು. ಅವರ ಪಾಲಿಗೆ ಉಳಿಯುತ್ತಿದ್ದ ಅಕ್ಕಿಗೆ ಮುಡಿಯ ಅಗತ್ಯವೇ ಇರಲಿಲ್ಲ, ಮಡಕೆ ಸಾಕಾಗುತ್ತಿತ್ತು. ಆಟಿ ತಿಂಗಳಿಗೆ ಅದೂ ಬರಿದಾಗಿ, ಹಲಸಿನ ಬೀಜ, ಕೆಸುವಿನ ಎಲೆ, ತಜಂಕಿನ ಸೊಪ್ಪಿನಲ್ಲಿ ದಿನ ಕಳೆಯುತ್ತಿದ್ದರು.

“ನಿಮ್ಮ ಅಟ್ಟಕ್ಕೆ ಮುಡಿ ಏರಿದ್ದು ಯಾವಾಗ?” ಎಂದು ಕೇಳಿದೆ. ಇಸವಿ ಅವರಿಗೆ ತಿಳಿಯದು. “ನೆರೆ ಬಂತಲ್ಲ, ಅದರ ಮರುವರ್ಷ. ನಮ್ಮವರು ಡಿಕ್ಲರೇಶನ್ ಕೊಟ್ಟ ಮೇಲೆ ಗೇಣಿ ಹೊರಲಿಲ್ಲ” ಎಂದರು. ನೇತ್ರಾವತಿಯ ದೊಡ್ಡ ನೆರೆ ಬಂದದ್ದು 1974ರಲ್ಲಿ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ ವರ್ಷದ ಮಾರ್ಚ್ 1ರಂದು. ಸ್ಮೃತಿಯು ಅಂಕಿಗಳನ್ನು ಮರೆತರೂ ಘಟನೆಗಳ ಅನುಕ್ರಮವನ್ನು ಕಾಪಾಡಿಕೊಂಡಿತ್ತು. ಅದನ್ನು ಕಾಗದಪತ್ರಗಳೊಂದಿಗೆ ಹೋಲಿಸಿ ನೋಡುವುದು ಸಂಗ್ರಾಹಕನ ಕರ್ತವ್ಯ.

ಈ ಎರಡು ಮಾತುಗಳಲ್ಲಿ ಒಂದನ್ನೇ ಕೇಳಿ ಬಂದಿದ್ದರೆ ನನ್ನ ತಿಳಿವಳಿಕೆ ಅರ್ಧವಾಗುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಮುಡಿ ಸುಂದರವಾಗಿಯೇ ಕಾಣುತ್ತದೆ. ಅದನ್ನು ಹೊತ್ತ ಬೆನ್ನು ಅಲ್ಲಿ ಕಾಣುವುದಿಲ್ಲ. ಆದ್ದರಿಂದ ವಸ್ತುವನ್ನು ಕುರಿತು ಕೇಳುವಾಗ ಅದರ ಹೆಸರು, ಅಳತೆಗಳಿಗೆ ತೃಪ್ತರಾಗಬಾರದು. ಮಾಡಿದವರಾರು, ಹೊತ್ತವರಾರು, ಬಳಸಿದವರಾರು, ಮುಟ್ಟಬಾರದೆನಿಸಿಕೊಂಡವರಾರು ಎಂದೂ ಕೇಳಬೇಕು. ಹೆಂಗಸರನ್ನು ಪ್ರತ್ಯೇಕವಾಗಿ ಕೇಳಬೇಕು. ಗಂಡಸರ ಮುಂದೆ ಅವರು ತಮಗೆ ತಿಳಿದುದನ್ನು ಹೇಳದೆ ಇರುವುದುಂಟು. ಅವರು ಆಡಿದ ಭಾಷೆಯಲ್ಲಿಯೇ, ತುಳುವಾಗಲಿ ಕೊಂಕಣಿಯಾಗಲಿ, ಬರೆದುಕೊಳ್ಳಬೇಕು. ಉಡುಪಿಯಲ್ಲಿ ಡಾ. ಯು. ಪಿ. ಉಪಾಧ್ಯಾಯರ ನೇತೃತ್ವದಲ್ಲಿ ಸಿದ್ಧವಾಗಿ 1988ರಿಂದ 1997ರ ವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು, ಜನರ ಬಾಯಿಂದ ಸಂಗ್ರಹಿಸಿದ ಮಾತು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಸಾಕ್ಷಿಯಾಗಿದೆ.

ಈಗ ಅಕ್ಕಿ ಗೋಣಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಮುಡಿ ಕಟ್ಟಬಲ್ಲ ಕೈಗಳು ವಿರಳವಾಗಿವೆ. ನಾನು ಮತ್ತೆ ಆ ಊರಿಗೆ ಹೋಗುವಷ್ಟರಲ್ಲಿ ಆ ವೃದ್ಧೆ ತೀರಿಕೊಂಡಿದ್ದರು. ಕೇಳಬೇಕೆಂದಿದ್ದ ನಾಲ್ಕು ಪ್ರಶ್ನೆಗಳು ನನ್ನ ಪುಸ್ತಕದಲ್ಲಿಯೇ ಉಳಿದವು.

ಶತಮಾನೋತ್ಸವದ ಈ ಸಂದರ್ಭದಲ್ಲಿ ತರುಣರಲ್ಲಿ ನನ್ನದೊಂದು ವಿನಂತಿ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದಾಗ, ಅಟ್ಟದಿಂದ ಒಂದು ಹಳೆಯ ವಸ್ತುವನ್ನು ಕೆಳಗಿಳಿಸಿ ಅಜ್ಜಿಯ ಕೈಗೆ ಕೊಡಿರಿ. ಅವರು ಹೇಳಿದುದನ್ನು ಬರೆದಿಡಿರಿ. ಬಳಿಕ ನೆರೆಮನೆಗೂ ಹೋಗಿ ಅದನ್ನೇ ಕೇಳಿರಿ.